ಬಸುರಿಯರ ಜೀಪಿಗೆ ಮೂಟೆಯ ಪಟ್ಟಿ

ಕುಂದುರ್ಪಿ ಕಡೆಯಿಂದ ಹೆರಿಗೆ ಕಷ್ಟವಾದ ಹೆಂಗಸರನ್ನು ಕಲ್ಯಾಣದುರ್ಗದ ನಮ್ಮ ಆಸ್ಪತ್ರೆಗೆ ತರುತ್ತಿದ್ದುದು ಮಿಲಿಟರಿಯವರು ಮಾರಿದ ಒಂದು ಹಳೇ ಜೀಪು. ಅದರ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಮುರಿದಾಗ, ಹೊಸವನ್ನು ಆರಿಸಲು ಡ್ರೈವರ್ ತಿಮ್ಮಣ್ಣನ ಜೊತೆ ಲೇಡಿ ಡಾಕ್ಟರಾದ ನಾನೇ ಜೀಪು ತೆವಳಿಸಿಕೊಂಡು ಹಿಂದೂಪುರದಲ್ಲಿ ಅವನಿಗೆ ಪರಿಚಯವಿದ್ದ ಸ್ಪ್ರಿಂಗ್ ಅಂಗಡಿಗೆ ಹೋದೆ.

ಅಂಗಡಿಯವನು ನನ್ನತ್ತ ನೋಡಲೇ ಇಲ್ಲ. "ದಪ್ಪ ಪಟ್ಟಿ ಹಾಕ್ಸ್ಕೊ ತಿಮ್ಮಣ್ಣ. ಹತ್ತು ಮೂಟೆ ಕಡ್ಲೇಕಾಯಿ ಹೇರಿದ್ರೂ ಜಗ್ಗಾಕಿಲ್ಲ."

"ನನ್ನ ಜೀಪಲ್ಲಿ ಬರೋದು ಮೂಟೆಯಲ್ಲ, ತುಂಬು ಬಸುರಿಯರು. ಮೆತ್ತಗಿರೋದು ಕೊಡಿ," ಎಂದೆ.

"ಅಮ್ಮೋರಿಗೆ ಇದೆಲ್ಲ ಯಾಕಣ್ಣ? ಈ ಸೀಮೇಲಿ ಎಲ್ರೂ ಹಾಕ್ಸೋದು ಇದೇ ಕಣಪ್ಪ," ಎಂದು ಮತ್ತೆ ತಿಮ್ಮಣ್ಣನಿಗೇ ಹೇಳಿ, ದಪ್ಪದ್ದನ್ನೇ ಬಿಗಿಸಿಬಿಟ್ಟ.

ನನಗೆ ಮೈಯೆಲ್ಲ ಉರಿದುಹೋಯಿತು. "ಹತ್ತಿ, ಬಸುರಿ ಕೂರೋ ಜಾಗದಲ್ಲಿ ನೀವೇ ಕೂತ್ಕೊಳ್ಳಿ," ಎಂದು ಅವನನ್ನು ಹಿಂದೆ ಕೂರಿಸಿ, ತಿಮ್ಮಣ್ಣನ ಕೈಲಿ ಕೆರೆ ಏರಿಯ ಗುಂಡಿಗಳ ಮೇಲೆ ಜೀಪು ಓಡಿಸಿದೆ. ಅರ್ಧ ಏರಿ ದಾಟುವಷ್ಟರಲ್ಲಿ "ಓರಿ ದೇವುಡಾ, ನಿಲ್ಸಣ್ಣಾ!" ಎಂದು ಅರಚಿದ.

ಇಳಿದವನು, "ಮೆತ್ತಂದೇ ಹಾಕ್ಕೊಡ್ತೀನಿ ಕಣಣ್ಣ, ಅಮ್ಮೋರಿಗೆ ಹೇಳು," ಎಂದ. ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ಅವನು ತಿರುಗಿದ್ದು ಸೊಂಟದ ನೋವಿಗೆ ಮುಲಾಮು ಕೇಳುವಾಗ ಮಾತ್ರ.

ಕೊಟ್ಟೆ. ದಿನಕ್ಕೆ ಎಷ್ಟು ಸಲ ಹಚ್ಚಬೇಕು ಎಂಬುದನ್ನು ಮಾತ್ರ ತಿಮ್ಮಣ್ಣನಿಗೆ ಹೇಳಿದೆ.