ಹೊಡೆಸಿಕೊಳ್ಳುವವರೇ ತರುವ ಕಟ್ಟಿಗೆ

ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸಹಿ ಹಾಕಿದ ದೇಶಗಳು, ಕೊಟ್ಟ ಮಾತನ್ನು ಎಷ್ಟರಮಟ್ಟಿಗೆ ನಡೆಸಿದೆವೆಂದು ಐದು ವರ್ಷಕ್ಕೊಮ್ಮೆ ಜಿನೀವಾದ ಸಮಿತಿಯೊಂದಕ್ಕೆ ವರದಿ ಒಪ್ಪಿಸಬೇಕು. ಸರ್ಕಾರದ ವರದಿಯ ಜೊತೆಗೆ ನಾಗರಿಕರೂ ತಮ್ಮದೊಂದು ವರದಿ ಕಳಿಸಬಹುದು. ನಿವೃತ್ತ ಮುಖ್ಯೋಪಾಧ್ಯಾಯನಾದ ನನಗೆ ಅಂಥದೊಂದು ಗುಂಪು ವಾಡಿ, ಶಹಾಬಾದ್, ಚಿತ್ತಾಪುರದ ಕಡೆಯ ಹೇಳಿಕೆಗಳನ್ನು ಸಂಗ್ರಹಿಸುವ ಕೆಲಸ ವಹಿಸಿತ್ತು.

ಮೊದಲು ಶಿಕ್ಷಣ ಇಲಾಖೆಯ ಕಚೇರಿಯೊಂದಕ್ಕೆ ಹೋದೆ. ಸರ್ಕಾರದ ವರದಿಗೆಂದು ಸಿದ್ಧವಾಗಿದ್ದ ತಖ್ತೆಯಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಹೊಡೆದ ಪ್ರಕರಣಗಳ ಅಂಕಣದಲ್ಲಿ, ಊರೂರಿನ ಮುಂದೆಯೂ "ಇಲ್ಲ" ಎಂದಿತ್ತು. ಒಂದೇ ಕೈಬರಹ, ಒಂದೇ ಶಾಯಿ.

"ಒಬ್ಬರೂ ಹೊಡದಿಲ್ಲೇನ್ರಿ?" ಎಂದೆ.

ಗುಮಾಸ್ತ ತಲೆ ಎತ್ತಲಿಲ್ಲ. "ಇಲ್ಲ ಅಂತ ಬರದ್ರ ಮ್ಯಾಲಿನವ್ರು ಸುಮ್ಮಿರ್ತಾರ. ಒಂದು ಅಂತ ಬರದ್ರ ಹತ್ತು ಕಾಗದ ಕೇಳ್ತಾರ. ರಿಟೈರ್ ಆಗೀರಿ, ಮನ್ಯಾಗ ಆರಾಮ ಕುಂದ್ರಿ, ಮಾಸ್ತರ್."

ನನಗೆ ಕುರ್ಚಿ ತೋರಿಸಿರಲಿಲ್ಲ. ಅರ್ಧ ಗಂಟೆ ನಿಂತಿದ್ದೆ. ಅದನ್ನು ಇಂದಿಗೂ ಮರೆತಿಲ್ಲ.

ಆ "ಇಲ್ಲ"ಗಳಲ್ಲೊಂದರ ಹಿಂದೆ ಹತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ನಮ್ಮ ಸೀಮೆಯ ಶಾಲೆಗಳಲ್ಲಿ ಒಂದು ಪದ್ಧತಿಯಿತ್ತು, ಈಗಲೂ ಅಲ್ಲಲ್ಲಿ ಉಳಿದಿದೆ: ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಬಿದ್ದ ಗಟ್ಟಿ ಕಟ್ಟಿಗೆಯನ್ನು ಮಕ್ಕಳೇ ಆರಿಸಿ, ಸವರಿ, ಬೆತ್ತವೆಂದು ಮಾಸ್ತರರಿಗೆ ತಂದುಕೊಡುವುದು. ಯಾರದು ಹೆಚ್ಚು ದಿನ ಬಾಳಿತೋ ಅವರಿಗೆ ಶಾಬಾಸ್‌ಗಿರಿ. ಈ ಹುಡುಗಿ ತಂದದ್ದು ಅವಳ ಅಂಗೈ ಮೇಲೆಯೇ ಮುರಿಯಿತು. "ಹುಳಾ ಹತ್ತಿದ್ದು ತರ್ತಿ?" ಎಂದು ಕೂಗಿದ ಮಾಸ್ತರ, ಅವಳ ಕೈಯನ್ನು ಮೇಜಿಗೆ ಅದುಮಿ ಹಿಡಿದು, ಡಸ್ಟರಿನ ಅಂಚಿನಿಂದ ಬೆರಳ ಗೆಣ್ಣಿಗೆ ಬಡಿದ. ಮೂರನೆಯ ಏಟಿಗೆ ಎಲುಬು ಲಟ್ಟೆಂದಿತು. ಇಡೀ ತರಗತಿ ಕೇಳಿಸಿಕೊಂಡಿತು. ಅವನೂ ಕೇಳಿಸಿಕೊಂಡ, ಆಮೇಲೆ ನಾಲ್ಕನೆಯದನ್ನು ಹೊಡೆದ.

ಹುಡುಗಿ ಹೇಳಿದ್ದನ್ನು ಬರೆದುಕೊಂಡೆ. ತಾಯಿಯ ಸಹಿಯಿಲ್ಲದೆ ಮಗುವಿನ ಹೇಳಿಕೆ ವರದಿಗೆ ಸೇರದು. ತಾಯಿ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ದುಡಿಯುತ್ತಾಳೆ. ಅಲ್ಲಿಗೇ ಹೋಗಿ, ಸರ್ಕಾರದ ತಖ್ತೆಯ "ಇಲ್ಲ"ಗಳ ಸಂಗತಿ ತಿಳಿಸಿ, ಹೇಳಿಕೆಯನ್ನು ಓದಿ ಹೇಳಿ, ಪೆನ್ನು ಚಾಚಿದೆ. ಆಕೆ ತೆಗೆದುಕೊಳ್ಳಲಿಲ್ಲ.

"ಹೊಡದವ್ರ ಹೆಸರು ಬರೀತೀರೇನ್ರಿ ಇದರಾಗ?"

"ಬರೀತೀವಿ, ತಂಗಿ. ಬಿಡಂಗಿಲ್ಲ ಅವನ್ನ."

"ಹಂಗಾದ್ರ ಮೊದಲ ನಂಗ ಹೊಡದವ್ರದು ಬರ್ಕೋರಿ." ಬಲಗೈಯನ್ನು ನನ್ನ ಕಾಗದದ ಮೇಲಿಟ್ಟಳು. ಕಲ್ಲಿನ ಧೂಳು ಮೆತ್ತಿದ ಕೈ. ನಡುಬೆರಳು ಮಡಚುತ್ತಿರಲಿಲ್ಲ. "ನಾಕನೇ ಇಯತ್ತಿ ನಾ. ಕಟ್ಟಿಗಿ ಮುರೀತು. ಇನ್ನೊಂದು ತಗೊಂಬಾ ಅಂತ ನನ್ನೇ ಹೊಲಕ್ಕ ಓಡಿಸಿದ್ರಿ. ಭಾಳ ಗಟ್ಟಿದ್ದು ಹುಡುಕಿ ತಂದೆ, ಸರ್. ನೀವು ಶಾಬಾಸ್ ಅಂದ್ರಿ. ಆಮ್ಯಾಲ ಹೊಡದ್ರಿ."

ಯಾವ ಮದುವೆಯಲ್ಲಿ ಯಾರು ನನ್ನನ್ನು ಎರಡನೆಯ ಪಂಕ್ತಿಗೆ ಕಾಯಿಸಿದರೆಂಬುದು ನನಗೆ ನೆನಪಿದೆ. ಈ ಬೆರಳು ನೆನಪಿರಲಿಲ್ಲ.

ಆಕೆಗೆ ನಿಯಮ ಹೇಳಿದೆ: ವರದಿ ಕಳೆದ ಐದು ವರ್ಷಗಳದ್ದು ಮಾತ್ರ, ಅದಕ್ಕೂ ಹಿಂದಿನದು ಸೇರುವುದಿಲ್ಲ. ಅದು ನಿಜವೇ ಆಗಿತ್ತು. ಆದರೆ ಹೇಳುವಾಗ ನಾನು ತಲೆ ಎತ್ತಲಿಲ್ಲ.

"ನಂದು ಸೇರಂಗಿಲ್ಲಂದ್ರ ನನ್ನ ಮಗಳದೂ ಬ್ಯಾಡ್ರಿ," ಎಂದಳು. "ಸರ್ಕಾರದವ್ರಂಗ ನೀವೂ 'ಇಲ್ಲ' ಅಂತ ಬರೀರಿ, ಮುಗೀತು."

ಪಕ್ಕದಲ್ಲಿ ಯಂತ್ರ ಕಲ್ಲನ್ನು ಸೀಳುತ್ತಲೇ ಇತ್ತು. ಬೇರೊಂದು ಹಾಳೆ ತೆಗೆದೆ. ಹೊಡೆದವರು ಎಂಬಲ್ಲಿ ನನ್ನ ಪೂರ್ಣ ಹೆಸರು, ಹುದ್ದೆ, ಆಗಿನ ಶಾಲೆ, ಎಲ್ಲವನ್ನೂ ಬರೆದೆ. ಕಾರಣ ಎಂಬಲ್ಲಿಗೆ ಬಂದಾಗ ಆಕೆಯನ್ನೇ ಕೇಳಬೇಕಾಯಿತು.

"ಮಗ್ಗಿ ತಪ್ಪಿದ್ದೆರಿ. ಹದಿನೇಳರದು."

ಬರೆದದ್ದನ್ನು ಆಕೆ ಎರಡು ಸಲ ಓದಿದಳು. ಅನಂತರ ಪೆನ್ನನ್ನು ಎಡಗೈಯಲ್ಲಿ ಹಿಡಿದು, ಮಗಳ ಹಾಳೆಯ ಕೆಳಗೆ ಒತ್ತಿ ಒತ್ತಿ ಸಹಿ ಹಾಕಿದಳು.