ಕೊನೆಯವರ ಹಿಂದೆ ಬರುವ ಸೈಕಲ್

ಭಾನುವಾರ ಬೆಳಗಿನ ಐದೂಕಾಲು. ಚಂದಾಪುರದ ಕಲ್ಯಾಣ ಮಂಟಪವೊಂದರ ಮುಂದೆ ನಲವತ್ತಕ್ಕೂ ಹೆಚ್ಚು ಸೈಕಲ್‌ಗಳು ಸಾಲಾಗಿ ನಿಂತಿವೆ. ಕೆಲವನ್ನು ಒಂದೇ ಕೈಯಲ್ಲಿ ಎತ್ತಬಹುದು. ಬೆಲೆ ಕೇಳಿದರೆ ಮಾತ್ರ ತಲೆ ತಿರುಗುತ್ತದೆ. ಅವುಗಳ ನಡುವೆ ಮಂಡಿಯೂರಿ ಕುಳಿತ ರೇವಣಸಿದ್ದ ಒಂದೊಂದೇ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾರೆ. ಇಂದು ಅವರ ಬೆನ್ನಿಗೂ ಒಂದು ನಂಬರ್ ಅಂಟಿದೆ. ಆರು ವರ್ಷಗಳಲ್ಲಿ ಇದು ಎರಡನೆಯ ಸಲ.

ಈ ಸೈಕಲ್ ಕ್ಲಬ್ಬಿನವರು ತಿಂಗಳಿಗೊಮ್ಮೆ ಆನೇಕಲ್ ಕಡೆಯ ರಾಗಿ ಹೊಲ, ಹಿಪ್ಪುನೇರಳೆ ತೋಟಗಳ ನಡುವೆ ಐವತ್ತು ಕಿಲೋಮೀಟರ್ ಸುತ್ತಿ ಬರುತ್ತಾರೆ. ಎರಡೂವರೆ ಗಂಟೆಯೊಳಗೆ ಮುಟ್ಟಿದವರ ಹೆಸರು, ಹಿಡಿದ ಸಮಯದ ಸಮೇತ ಪಟ್ಟಿಗೆ ಏರುತ್ತದೆ. ತಡವಾದವರಿಗೆ ಇಡ್ಲಿ ಉಂಟು, ಪಟ್ಟಿಯಲ್ಲಿ ಜಾಗವಿಲ್ಲ.

ರೇವಣಸಿದ್ದರದು 'ಸ್ವೀಪ್' ಕೆಲಸ. ಅಂದರೆ ಎಲ್ಲರಿಗಿಂತ ನಿಧಾನದವರ ಹಿಂದೆ ಹೋಗುವುದು. ಪಂಕ್ಚರ್ ಹಾಕುವುದು, ಕಳಚಿದ ಚೈನ್ ಏರಿಸುವುದು, ಸುಸ್ತಾಗಿ ಕುಳಿತವರಿಗೆ ನೀರು ಕೊಟ್ಟು ಎಬ್ಬಿಸುವುದು. ಗೇರ್ ಇಲ್ಲದ ತಮ್ಮ ಹಳೆಯ ಕಬ್ಬಿಣದ ಸೈಕಲ್ಲಿನ ಕ್ಯಾರಿಯರ್‌ಗೆ ಪಂಪು, ಪಾನಾ ಕಟ್ಟಿಕೊಂಡು ಅವರು ಇದೆಲ್ಲ ಮಾಡುತ್ತಾರೆ. ನಿಯಮ ಒಂದೇ, ಯಾರನ್ನೂ ದಾಟುವಂತಿಲ್ಲ.

"ನಾ ಮುಂದ ಹೋದ್ರ ಹಿಂದ ಬಿದ್ದವ್ರನ್ನ ಯಾರ್ ನೋಡ್ಬೇಕ್ರಿ ಸರ? ಕತ್ತ ತಿರುಗ್ಸಿ ಹಿಂದ ನೋಡಿದ್ರ ಯಾರರ ಒಬ್ರು ಇರ್ಬೇಕು. ಅಂದ್ರನ ಮನಷ್ಯಾಗ ಧೈರ್ಯ" ಎನ್ನುತ್ತಾರೆ.

ಚಿಂಚೋಳಿ ಕಡೆಯಿಂದ ಹದಿನಾಲ್ಕು ವರ್ಷಗಳ ಹಿಂದೆ ಗಾರೆ ಕೆಲಸಕ್ಕೆ ಬಂದವರು ಅವರು. ಸಾರವೆಯಿಂದ ಬಿದ್ದು ಎಡಮಂಡಿಗೆ ಪೆಟ್ಟಾದ ಮೇಲೆ ಬೊಮ್ಮಸಂದ್ರದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗ ಸೇರಿದರು. ದಿನಕ್ಕೆ ಹನ್ನೆರಡು ಗಂಟೆ ನಿಂತೇ ಕೆಲಸ. ಹೆಂಡತಿ ನೀಲಾಂಬಿಕಾ ಪಿ.ಜಿ.ಯೊಂದರಲ್ಲಿ ದಿನಾ ಇನ್ನೂರು ಚಪಾತಿ ಲಟ್ಟಿಸುತ್ತಾರೆ. ಒಮ್ಮೆ ಶಿಫ್ಟ್ ಮುಗಿಸಿ ಬರುವಾಗ ರಸ್ತೆ ಬದಿಯಲ್ಲಿ ಕೈ ಮಸಿ ಮಾಡಿಕೊಂಡು ಪೇಚಾಡುತ್ತಿದ್ದ ಕ್ಲಬ್ಬಿನ ಲೋಕೇಶ್‌ಗೆ ರೇವಣಸಿದ್ದ ಚೈನ್ ಕೂರಿಸಿಕೊಟ್ಟರು. ಅಲ್ಲಿಂದ ಶುರುವಾಯಿತು ಈ ನಂಟು.

ಅರವತ್ತು ಸವಾರಿ, ಮೂರು ಸಾವಿರ ಕಿಲೋಮೀಟರ್. ಒಂದು ಪಟ್ಟಿಯಲ್ಲೂ ಅವರ ಹೆಸರಿಲ್ಲ. ಕೊನೆಯವರು ಗೆರೆ ದಾಟಿದೊಡನೆ ಗಡಿಯಾರ ನಿಲ್ಲಿಸಿ ಎಲ್ಲರೂ ಇಡ್ಲಿಗೆ ಓಡುತ್ತಾರೆ. ತಪ್ಪು ಯಾರದೂ ಅಲ್ಲ.

ಎರಡು ತಿಂಗಳ ಹಿಂದೆ ಮನಸ್ಸು ತಡೆಯದೆ, "ನಂಗೂ ಒಮ್ಮೆ ಟೈಮ್ ಹಚ್ರಿ" ಎಂದು ಅವರೇ ಕೇಳಿದರು. ನಂಬರ್ ಸಿಕ್ಕಿತು. ಚೆನ್ನಾಗಿಯೇ ತುಳಿಯುತ್ತಿದ್ದರು. ಆನೇಕಲ್ ಬಳಿ ಮುಂದೊಬ್ಬ ಸ್ಥೂಲಕಾಯದ ಸಾಫ್ಟ್‌ವೇರ್ ಮಹಾಶಯರು ಏದುಸಿರು ಬಿಡುತ್ತ ಸಾಗಿದ್ದರು. ಅವರನ್ನು ಕಂಡದ್ದೇ ತಡ, ರೇವಣಸಿದ್ದರ ಕಾಲು ತಾನಾಗಿಯೇ ನಿಧಾನವಾಯಿತು. ಆರು ಕಿಲೋಮೀಟರ್ ಅವರ ಹಿಂದೆಯೇ ಹೋದರು, ಒಮ್ಮೆ ನೀರೂ ಕೊಟ್ಟರು. ತಾವು ಅಂದು ಸ್ವೀಪ್ ಅಲ್ಲವೆಂಬುದು ನೆನಪಾಗುವಷ್ಟರಲ್ಲಿ ಹೊತ್ತು ಮೀರಿತ್ತು. ನಾಲ್ಕು ನಿಮಿಷ ತಡ.

"ಮಂದಿ ನಕ್ರು. ನಾನೂ ನಕ್ಕೆ. ಮನಿಗಿ ಹೋಗಿ ಉಣ್ಲಿಲ್ಲ ನೋಡ್ರಿ" ಎನ್ನುತ್ತಾರೆ.

ಇಂದು ಲೋಕೇಶ್ ರೇವಣಸಿದ್ದರ ಪಂಪು, ಪಾನಾ ಕಿತ್ತುಕೊಂಡು ತಾವೇ ಸ್ವೀಪ್ ಆಗಿದ್ದಾರೆ. "ಅಣ್ಣಾ, ಹಿಂದೆ ನಾನ್ ಬರ್ತೀನಿ. ನೀವು ತಿರುಗಿ ನೋಡಿದ್ರೆ ಇಡ್ಲಿ ಕಟ್!" ಎಂದು ಗದರುತ್ತಾರೆ.

ಮುಕ್ಕಾಲು ದಾರಿ ಸುಸೂತ್ರವಾಗಿ ಸಾಗುತ್ತದೆ. ಇನ್ನು ಒಂಬತ್ತು ಕಿಲೋಮೀಟರ್ ಇರುವಾಗ ಏರಿನಲ್ಲಿ ಮಾಲಾ ಕಾಣುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವರಿಗೆ ಇದು ಮೊದಲ ಸವಾರಿ. ರೇವಣಸಿದ್ದರ ಕಾಲು ಮತ್ತೆ ನಿಧಾನ. ಇಪ್ಪತ್ತು ಮಾರು, ಮೂವತ್ತು ಮಾರು ಹಿಂದೆಯೇ ಸಾಗುತ್ತಾರೆ. ಕೊನೆಗೆ ಹಲ್ಲು ಕಚ್ಚಿ ಬೆಲ್ ಬಾರಿಸುತ್ತಾರೆ.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಇವತ್ತ ನಂದೂ ಟೈಮ್ ಐತ್ರಿ!"

"ಅಯ್ಯೋ, ಹೋಗಿ ಅಣ್ಣ! ನಾನ್ ಬರ್ತೀನಿ" ಎಂದು ಮಾಲಾ ನಗುತ್ತಾರೆ.

ಎರಡು ಗಂಟೆ ಇಪ್ಪತ್ತೇಳು ನಿಮಿಷ. ಗೆರೆ ದಾಟಿದ ರೇವಣಸಿದ್ದ ಕುಳಿತುಕೊಳ್ಳುವುದಿಲ್ಲ, ನೀರೂ ಕುಡಿಯುವುದಿಲ್ಲ. ಸೈಕಲ್ ಹಿಡಿದು ರಸ್ತೆಯನ್ನೇ ನೋಡುತ್ತ ನಿಲ್ಲುತ್ತಾರೆ. ಬಿಟ್ಟು ಬಂದೆನಲ್ಲ ಎಂಬ ಕಸಿವಿಸಿ ಮುಖದ ಮೇಲೆಯೇ ಇದೆ. ಇನ್ನು ಅರ್ಧ ನಿಮಿಷ ಉಳಿದಿರುವಾಗ ಮಾಲಾ ಬಂದು ಮುಟ್ಟುತ್ತಾರೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವರು ರೇವಣಸಿದ್ದರೇ.

ಕ್ಲಬ್ಬಿನವರು ಪಟ್ಟಿಯನ್ನು ಮಂಟಪದ ಗೋಡೆಗೆ ಅಂಟಿಸುತ್ತಾರೆ. ಮಿಕ್ಕವರು ಮೇಲಿನಿಂದ ಹುಡುಕಿದರೆ ರೇವಣಸಿದ್ದ ಕೆಳಗಿನಿಂದ ಬೆರಳಿಟ್ಟು ಹುಡುಕುತ್ತಾರೆ. ಕೊನೆಯದು ಮಾಲಾ. ಅದರ ಮೇಲಿನದು ಇವರ ಹೆಸರು. ಫೋನ್ ತೆಗೆದು ನೀಲಾಂಬಿಕಾಗೆ ಕರೆ ಮಾಡುತ್ತಾರೆ. ಎಷ್ಟನೇ ನಂಬರ್ ಬಂದಿರಿ ಎಂದು ಆಕೆ ಕೇಳಿರಬೇಕು.

"ನಂಬರ್ ಬಿಡ ನೀಲಾ," ಎನ್ನುತ್ತಾರೆ. "ನನ್ನ ಹಿಂದ ಒಬ್ರು ಅದಾರ."