ಗಟಾರದ ಕೆಳಗಿನ ಜೋಡಣೆ

೧೯೩೪ರಲ್ಲಿ, ನಾಲ್ಕನೆಯ ಜಮಾತಿಗೇ ನಾನು ಸಾಲಿ ಬಿಟ್ಟೆ — ಸುಳ್ಳು ಹೇಳುವುದಕ್ಕೆ ಅಷ್ಟು ಓದು ಸಾಕಾಯಿತು. ಆಳಂದದ ಪೇಟೆಯ ನಳದ ನೀರು ಕೆಡಿಸಿದವನು ನಾನು, ಭೀಮವ್ವಾ. ನೀನಲ್ಲ.

ಸಾಲಿ ಬಿಟ್ಟು ಕೊಳವೆ ಜೋಡಿಸುವ ಕೆಲಸ ಕಲಿತೆ. ಓದಿದವರು ನೆರಳಲ್ಲಿ ನಿಂತಿರುವಾಗ ಬಿಸಿಲಲ್ಲಿ ಬಗ್ಗಿ ದುಡಿದವನು ನಾನು. ನನ್ನ ಕೈಯ ಜೋಡಣೆ ಸೋರುವುದೇ ಇಲ್ಲ ಎಂಬ ಸೊಕ್ಕು. ಬಾವಿಯ ನೀರನ್ನು ಎತ್ತರದ ಟಾಕಿಗೆ ಏರಿಸಿ, ಅಲ್ಲಿಂದ ಪೇಟೆಗೆ ಕಬ್ಬಿಣದ ಕೊಳವೆ ಎಳೆದೆವು. ಗಟಾರದ ಕೆಳಗೆ ಎರಡು ಕೊಳವೆ ಕೂಡುವಲ್ಲಿ ಸಂದು ಮುಚ್ಚಲು ಕಾಯಿಸಿದ ಸೀಸ ಹೊಯ್ದೆ. ತೇವ ಒರೆಸಿರಲಿಲ್ಲ — ಸೀಸ ಸಿಡಿದು ಒಂದು ಬದಿ ಟೊಳ್ಳು ಉಳಿಯಿತು. ಕಣ್ಣಾರೆ ಕಂಡೆ. ಬಿಚ್ಚಿ ಮತ್ತೆ ಹೊಯ್ದರೆ ಜೊತೆಯವರು ನಗುತ್ತಾರೆ ಎಂದು — ಮಣ್ಣು ಮುಚ್ಚಿದೆ.

ನೀರು ಬಂದ್ ಮಾಡಿದಾಗಲೆಲ್ಲ ಆ ಟೊಳ್ಳು ಗಟಾರದ ಹೊಲಸನ್ನು ಕೊಳವೆಯೊಳಗೆ ಹೀರಿಕೊಳ್ಳುತ್ತಿತ್ತು. ನೀರು ನಾರತೊಡಗಿತು, ಮನೆಮನೆಗೆ ವಾಂತಿ-ಭೇದಿ. ಜನ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿದರು — ಟಾಕಿಗೆ ಯಾರೋ ಏನೋ ಹಾಕಿದ್ದಾರೆ, ಯಾರೋ ಮಾಟ ಮಾಡಿಸಿದ್ದಾರೆ... ಕೊನೆಗೆ ಎಲ್ಲರ ಕಣ್ಣೂ ನಿನ್ನ ಮೇಲೆ. ಊರ ಹೊರಗಿನ ನಿಮ್ಮ ಕೇರಿಯವರು ನಳ ಮುಟ್ಟುವಂತಿರಲಿಲ್ಲ. ಬೇರೆಯವರು ತಿರುವಿ ಬಿಟ್ಟರೆ ಕೊಡ ಹಿಡಿಯಬೇಕು. ಒಂದು ದಿನ ಯಾರೂ ಬಿಡದಿದ್ದಾಗ ನೀನೇ ತಿರುವಿದ್ದೆ.

“ಇಕಿ ಕೈ ತಾಗಿದ ಮ್ಯಾಲೆ ನೀರು ನಾರಾಕತ್ತದ,” ಎಂದಳು ಕಿರಾಣಿ ಸಾಹುಕಾರನ ತಾಯಿ. “ದೂರ ಸರಿ ಬೇ!”

“ನಾ ಮುಟ್ಟಿದ್ರ ನಾರತದೇನ್ರಿ ಯವ್ವಾ? ಹಂಗಾದ್ರ ನಮ್ಮನಿ ಕೊಡ ಎಲ್ಲಾರಕಿಂತ ಮೊದಲ ನಾರಬೇಕಿತ್ತಲ್ರಿ!” ಎಂದೆ ನೀನು. ಕೆಲವರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದೆ: “ಮಿಸ್ತ್ರಿ, ನಳ ಕೂಡ್ರಿಸಿದವ್ರು ನೀವು. ಎಲ್ಲಿ ಕೆಟ್ಟದ, ನೀವ ಹೇಳ್ರಿ.”

“ಕೊಳವಿ ಪಕ್ಕಾ ಅದ,” ಅಂದೆ. “ನಳದ ತನಕ ನೀರು ಛಲೋನ ಬರ್ತದ. ಕೆಟ್ಟಿದ್ದು ಆಮ್ಯಾಲೆ.”

ಅಷ್ಟೇ. ಅಂದಿನಿಂದ ನಿಮ್ಮ ಕೇರಿಗೆ ನಳ ಬಂದ್. ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನೀನು ಹಳ್ಳದ ಒರತೆಯ ಬಗ್ಗಡ ನೀರು ಹೊತ್ತೆ.

ಕೆಲವು ದಿನ ಬಿಟ್ಟು, ಗಟಾರದ ಹೂಳು ತೆಗೆಯುವ ನೆಪ ಹೇಳಿ ಆ ಜೋಡಣೆ ಬಿಚ್ಚಿ ಸರಿ ಮಾಡಿದೆ. ನೀರು ತಿಳಿಯಾಯಿತು. ಪಾಪ ಕಳೆಯಿತು ಅಂದುಕೊಂಡೆ — ಆದರೆ ಪೇಟೆಯವರು, “ನೋಡ್ರಿ, ಅವರನ್ನ ದೂರ ಇಟ್ಟಕೂಡ್ಲೆ ನೀರು ಶುದ್ಧ ಆತು,” ಅಂದರು. ನನ್ನ ರಿಪೇರಿಯೇ ಅವರಿಗೆ ಸಾಕ್ಷಿಯಾಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ನಾನು ಅಗೆದು ಮುಚ್ಚಿದ ಹೊಸ ಮಣ್ಣಿನ ಹತ್ತಿರ ನೀನೊಮ್ಮೆ ನಿಂತಿದ್ದೆ. “ಇಲ್ಲಿ ಏನ್ ಹುಗಿದ್ರಿ, ಮಿಸ್ತ್ರಿ?” ಕೇಳಿಸದವನಂತೆ ಹೋದೆ. ನಿನಗೆ ಗೊತ್ತಿತ್ತೇ? — ಆಳಂದ ಬಿಟ್ಟು ಜೇವರ್ಗಿಗೆ ಬಂದು ನೆಲೆಸಿದ ಮೇಲೂ, ಯಾರಾದರೂ ನನ್ನ ಕೆಲಸವನ್ನು ಎರಡು ಸಲ ನೋಡಿದರೆ ಬಗ್ಗಿ ಜೋಡಣೆಯನ್ನು ಮತ್ತೆ ಮುಟ್ಟಿ ನೋಡುತ್ತೇನೆ; ಇವನಿಗೂ ಗೊತ್ತಿದೆಯೇನೋ...

ಬರುವ ಸಂತೆಗೆ ಆಳಂದಕ್ಕೆ ಬರುತ್ತೇನೆ. ಆ ನಳದ ಮುಂದೆಯೇ ನಿಂತು, ಸಾಹುಕಾರನ ಮನೆಯವರಿಗೂ ಕೇಳುವಂತೆ ಹೇಳುತ್ತೇನೆ. ನೀನು ಉಗುಳಿದರೂ ಸರಿ. ಕ್ಷಮಿಸು ಅನ್ನುವ ಬಾಯಿ ನನಗಿಲ್ಲ —

ಈಗ ನನಗಿರುವುದು: ಎರಡು ಖೋಲಿಯ ಮನೆ, ಒಂದು ಎಮ್ಮೆ, ಹತ್ಯಾರದ ಚೀಲ, ಅಂಗಳದಲ್ಲಿ ಸ್ವಂತದ್ದೊಂದು ನಳ — ಅದನ್ನು ತಿರುವಲು ನಾನು ಯಾರನ್ನೂ ಕಾಯಬೇಕಿಲ್ಲ.